ಮಣ್ಣಿನ ಸೈನ್ಯಕ್ಕೆ ಬೋಗಾದಿಯ ವಿಳಾಸ

ದಂಟಿನ ಸೊಪ್ಪು ಸೋಸಲು ಹಿಂದಿನ ದಿನದ ಸಂಜೆಪತ್ರಿಕೆಗಿಂತ ಒಳ್ಳೆಯ ಹಾಸು ಇನ್ನೊಂದಿಲ್ಲವೆಂದು ನಂಬಿದವಳು ನಾನು. ಸೊಪ್ಪಿನ ಮಣ್ಣನ್ನೂ ಲೋಕದ ವಾರ್ತೆಯನ್ನೂ ಒಟ್ಟಿಗೇ ಮಡಿಸಿ ಎಸೆಯಬಹುದಲ್ಲ. ದಸರೆ ಹತ್ತಿರವಾಗುತ್ತಿದ್ದ ಒಂದು ಬೆಳಿಗ್ಗೆ ಬೋಗಾದಿಯ ನಮ್ಮ ಮನೆಯ ವರಾಂಡದಲ್ಲಿ ಹಾಗೆ ಕೂತಿದ್ದಾಗ, ದಂಟುಗಳ ನಡುವಿನಿಂದ ಒಂದು ಶೀರ್ಷಿಕೆ ಇಣುಕಿತು: ‘ಪ್ರಾಚೀನ ಚೀನಾದಲ್ಲಿ ಸಾವಿರಾರು ಸೈನಿಕರ ಜೀವಂತ ಸಮಾಧಿ’.

ಜೀವಮಾನವೆಲ್ಲ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು ಇದನ್ನೋದಿ ಸುಮ್ಮನಿರುವುದು ಹೇಗೆ, ನೀವೇ ಹೇಳಿ. ಎರಡು ಸಾವಿರ ವರ್ಷಗಳಿಗೂ ಹಿಂದೆ ಆ ದೇಶದ ಮೊದಲ ಚಕ್ರವರ್ತಿಯ ಗೋರಿಯ ಕಾವಲಿಗೆಂದು ಹೂತದ್ದು ಸುಟ್ಟ ಮಣ್ಣಿನ ಸೈನಿಕರನ್ನು. ಅವರು ಒಮ್ಮೆಯೂ ಉಸಿರಾಡಿದವರಲ್ಲ. ಆದರೆ ಪಕ್ಕದ ಮನೆಯ ಪುಟ್ಟಸ್ವಾಮಿ ಆಗಲೇ ದುಃಖದಲ್ಲಿದ್ದರು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕಾರ್ಮಿಕರ ಮುಖಂಡರಾಗಿದ್ದು ನಿವೃತ್ತರಾದವರು ಅವರು.

“ಅಷ್ಟೂ ಜನನ್ನ ಹೂತ್ಬುಟ್ನಂತೆ ಮೇಡಂ. ಒಬ್ರೂ ಸ್ಟ್ರೈಕ್ ಮಾಡ್ಲಿಲ್ವಾ?” ಎಂದರು ಕಾಂಪೌಂಡಿನ ಆಚೆಯಿಂದ.

“ಅವರು ಮಣ್ಣಿನವರು ಕಣ್ರೀ.”

“ನಾವೆಲ್ಲ ಮಣ್ಣಿನವ್ರೇ ಬುಡಿ,” ಎಂದು ನಿಟ್ಟುಸಿರಿಟ್ಟರು. ಪಾರ್ಕಿನಲ್ಲಿ ಅವರ ವಾಕಿಂಗ್ ಬಳಗ ಆ ಸೈನಿಕರಿಗಾಗಿ ಎರಡು ನಿಮಿಷ ಮೌನವನ್ನೂ ಆಚರಿಸಿತ್ತಂತೆ.

ಇನ್ನು ತಡೆಯಲಾಗಲಿಲ್ಲ. ಸೊಪ್ಪನ್ನು ಅಲ್ಲೇ ಬಿಟ್ಟು, ಆಟೋ ಹಿಡಿದು, ಲಷ್ಕರ್ ಮೊಹಲ್ಲಾದಲ್ಲಿದ್ದ ಆ ಪತ್ರಿಕೆಯ ಕಚೇರಿಯ ಮೆಟ್ಟಿಲು ಹತ್ತಿದೆ. ಉಪಸಂಪಾದಕರು ಬಹಳ ವಿನಯವಂತರು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, ಹೆಸರು, ವಿಳಾಸ, ಉದ್ಯೋಗಗಳನ್ನೂ ಕೇಳಿ, “ನಾಳೆನೇ ಸರಿಮಾಡ್ತೀವಿ ಮೇಡಂ” ಎಂದರು. ಇತಿಹಾಸಕ್ಕೆ ನ್ಯಾಯ ದೊರಕಿಸಿದ ಹೆಮ್ಮೆಯಲ್ಲಿ ಆ ದಿನ ಎರಡು ಲೋಟ ಕಾಫಿ ಹೆಚ್ಚಾಗಿಯೇ ಕುಡಿದೆ.

ಮರುದಿನ ಅಚ್ಚಾದದ್ದು ಇಷ್ಟು: ‘ತಿದ್ದುಪಡಿ. ಸೈನಿಕರು ಮಣ್ಣಿನವರು. ತಯಾರಿಸಿದವರು ಬೋಗಾದಿಯ ನಿವೃತ್ತ ಉಪನ್ಯಾಸಕಿ.’ ಕೆಳಗೆ ನನ್ನ ವಿಳಾಸ. ಅದರಲ್ಲಿ ಮಾತ್ರ ಒಂದು ಅಕ್ಷರವೂ ತಪ್ಪಿರಲಿಲ್ಲ.

ಅದರ ಮಾರನೆಯ ಬೆಳಿಗ್ಗೆ, ಬಟ್ಟೆಚೀಲ ಹಿಡಿದ ಹೆಂಗಸೊಬ್ಬರು ಗೇಟಿನಲ್ಲಿ ನಿಂತಿದ್ದರು. “ದಸರಾ ಬೊಂಬೆ ಕೂರಿಸ್ತೀವಿ. ನಾಲ್ಕು ಸೈನಿಕರು, ಒಂದು ಕುದುರೆ ಬೇಕಿತ್ತು.”

ಒಳಗೆ ಕರೆದು ಕೂರಿಸಿದೆ. ಬಾವಿ ತೋಡುತ್ತಿದ್ದ ರೈತರಿಗೆ ಆ ಸೈನ್ಯ ಸಿಕ್ಕಿದ್ದು, ಒಬ್ಬನ ಮುಖದಂತೆ ಇನ್ನೊಬ್ಬನ ಮುಖವಿಲ್ಲದ್ದು, ಹೊರಗಿನ ಗಾಳಿ ತಾಗಿದೊಡನೆ ಅವರ ಮೈಬಣ್ಣ ಉದುರಿಹೋದದ್ದು ಎಲ್ಲವನ್ನೂ ಹೇಳಿದೆ. ಅವರು ಕಣ್ಣು ಮಿಟುಕಿಸದೆ ಕೇಳಿದರು. ಕೊನೆಯ ಬೆಂಚಿನ ಆಕಳಿಕೆಗಳಿಗೆ ವರ್ಷಗಟ್ಟಲೆ ಪಾಠ ಮಾಡಿದ್ದ ನನಗೆ, ನಿವೃತ್ತಿಯಾದ ಮೇಲೆ ಕೊನೆಗೂ ಇಂಥ ಶಿಷ್ಯೆ ಸಿಕ್ಕಿದ್ದರು. ಒಂದು ಗಂಟೆಯ ಮೇಲೆ ಅವರು ಚೀಲ ಎತ್ತಿಕೊಂಡು ಎದ್ದರು.

“ಎಲ್ಲ ಅರ್ಥ ಆಯ್ತು ಕಣ್ರೀ. ತುಂಬಾ ಕಷ್ಟದ ಕೆಲಸ. ಕುದುರೆ ಬೇಡ, ಸೈನಿಕರನ್ನಷ್ಟೇ ಮಾಡ್ಕೊಡಿ.”

ನಾನು ಮಾಡಿದ್ದಲ್ಲ ಎಂದು ಬಿಡಿಸಿ ಹೇಳಲೆಂದೇ ಬಾಯಿ ತೆರೆದೆ. ಹೊರಬಂದದ್ದು ಬೇರೆ.

“ಎಷ್ಟು ಎತ್ತರ ಬೇಕು?”