ಶಿರಗುಪ್ಪಿ ಮೋರಿಯ ಮೇಲೆ ನೀಲಮ

ರಾಯಬಾಗದಲ್ಲಿ ಐಟಿಐ ಮುಗಿಸಿದ ನೀಲಮ 2006ರಲ್ಲಿ ಶಿರಗುಪ್ಪಿಯ ಕೇಬಲ್ ಕೇಂದ್ರಕ್ಕೆ ಕೆಲಸಕ್ಕೆ ಸೇರಿದಳು. ಕೇಬಲ್ಲಿನೊಳಗಿನ ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳು ಕಡಿದಾಗ ಜೋಡಿಸುವುದು ಅವಳ ಕೆಲಸ. ಹೆಣ್ಣುಮಗಳಿಗೆ ಇದು ಆಗುತ್ತದೆಯೇ ಎಂದು ಮೊದಲ ವರ್ಷ ಮೇಸ್ತ್ರಿಗಳು ಅನುಮಾನಿಸಿದ್ದರು. ಹತ್ತು ವರ್ಷದಲ್ಲಿ ಕಾಗವಾಡದಿಂದ ಅಥಣಿಯವರೆಗೆ ಎಲ್ಲಿ ಕೇಬಲ್ ಕಡಿದರೂ ಅವರೇ ಅವಳಿಗೆ ಫೋನ್ ಹಚ್ಚುತ್ತಿದ್ದರು.

2016ರ ಜನವರಿಯಲ್ಲಿ ನಿಪ್ಪಾಣಿಯ ಶೀತಲ್ ಎಂಬ ಸಂಶೋಧಕ ಎರಡು ಪೆಟ್ಟಿಗೆ ಉಪಕರಣ ತಂದು ಕೇಂದ್ರದಲ್ಲಿ ಇಳಿದ. ನೂರಾರು ಕಿಲೋಮೀಟರ್ ದೂರದ ಪ್ರಯೋಗಾಲಯದಿಂದ ಒಂದು ಎಳೆಯಲ್ಲಿ ಲೇಸರ್ ಬೆಳಕು ಇಲ್ಲಿಗೆ ಬರಬೇಕು, ಅದರ ಕಂಪನದ ಸಂಖ್ಯೆ ದಾರಿಯಲ್ಲಿ ಒಂಚೂರೂ ಬದಲಾಗಬಾರದು. ಎಳೆ ನಡುಗಿದರೆ, ಬಿಸಿಲಿಗೆ ಹಿಗ್ಗಿದರೆ ಅದು ಏರುಪೇರಾಗುತ್ತದೆ. ಹಾಗಾಗಿ ಬೆಳಕಿನ ಒಂದು ಪಾಲನ್ನು ಇಲ್ಲಿಂದ ವಾಪಸು ಕಳಿಸಿದರೆ, ಆದ ವ್ಯತ್ಯಾಸ ನೋಡಿ ಪ್ರಯೋಗಾಲಯದ ಯಂತ್ರ ತಿದ್ದಿಕೊಳ್ಳುತ್ತಿತ್ತು. ಆದರೆ ತಿದ್ದಲು ಆಗದಷ್ಟು ಜೋರಾದ ಹೊಡೆತಗಳು ಪರದೆಯ ಮೇಲಿನ ಗೆರೆಯಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದವು.

"ಅಕ್ಕಾರ, ನಿಮ್ಮ ಜಾಯಿಂಟ್‌ನ್ಯಾಗ ದೋಷ ಇರಬೇಕ್ರಿ. ಕತ್ತರಿಸಿ ಮತ್ತ ಕೂಡಿಸೋಣು" ಎಂದ ಶೀತಲ್.

ನೀಲಮಳಿಗೆ ಚುರುಕ್ಕೆಂದಿತು. "ಜಾಯಿಂಟ್ ಕೆಟ್ಟಿದ್ರ ದಿನಾಲೂ ಕೆಡಬೇಕಲ್ರಿ ಸರ್. ಮೊನ್ನೆ ಸೋಮವಾರ ಹೆಂಗಿತ್ತು?"

ಅವನು ಹಿಂದಿನ ದಾಖಲೆ ಹುಡುಕಿ ನೋಡಿದ. ಸೋಮವಾರ ಗೆರೆ ನೆಟ್ಟಗಿತ್ತು.

"ಅವತ್ತ ಸಕ್ಕರಿ ಫ್ಯಾಕ್ಟರಿ ಬಂದ್ ಇತ್ರಿ. ಕಬ್ಬಿನ ಗಾಡಿ ಒಂದೂ ಹಾದಿಲ್ಲ" ಎಂದವಳೇ ಸ್ಕೂಟರ್ ಹತ್ತಿದಳು. ಕೇಬಲ್ ನೆಲದಿಂದ ಮೇಲೆದ್ದು ಕಬ್ಬಿಣದ ಪೈಪಿನಲ್ಲಿ ಹಾಯುವುದು ಒಂದೇ ಕಡೆ, ರಸ್ತೆ ಹಳ್ಳ ದಾಟುವ ಮೋರಿಯಲ್ಲಿ. ಅಲ್ಲಿ ಕುಳಿತು ಪೈಪಿನ ಮೇಲೆ ಅಂಗೈ ಇಟ್ಟು, ಶೀತಲ್‌ಗೆ ಫೋನ್ ಹಚ್ಚಿದಳು.

ಎರಡು ಟ್ರೇಲರ್ ಎಳೆಯುತ್ತ ಟ್ರ್ಯಾಕ್ಟರ್ ಬಂತು. ಅಂಗೈಯಡಿ ಪೈಪು ಕಟಕಟ ಬಡಿದುಕೊಂಡಿತು.

"ಈಗ ಹೊಡ್ತ ಬಂತೇನ್ರಿ?"

"ಬಂತ್ರಿ" ಎಂದ ಅವನು. ಮುಂದಿನ ನಾಲ್ಕು ಗಾಡಿಗೂ ಅವಳು ಕೇಳುವ ಮೊದಲೇ "ಬಂತು" ಎಂದ. ಐದನೆಯದಕ್ಕೆ ಇಬ್ಬರೂ ನಗತೊಡಗಿದರು.

ಪೈಪನ್ನು ಮೋರಿಗೆ ಬಿಗಿದಿದ್ದ ಕಬ್ಬಿಣದ ಹಿಡಿಕೆಗಳು ತುಕ್ಕು ಹಿಡಿದು ಸಡಿಲಾಗಿದ್ದವು. ಗಾಡಿ ನಿಲ್ಲಿಸಿ ಇಣುಕಿದ ಟ್ರ್ಯಾಕ್ಟರ್ ಚಾಲಕ ಭಾವುಸಾಹೇಬ ತನ್ನ ಗಾಲಿಯ ಹಳೆಯ ರಬ್ಬರ್ ಟ್ಯೂಬು ಕೊಟ್ಟ. ನೀಲಮ ಅದನ್ನು ಪಟ್ಟಿಪಟ್ಟಿಯಾಗಿ ಕೊಯ್ದು, ಪೈಪಿನ ಅಡಿ ಒತ್ತಾಗಿ ತುಂಬಿ, ಹೊಸ ಹಿಡಿಕೆ ಬಿಗಿದಳು. ಸಂಜೆ ಗಾಡಿಗಳ ಸಾಲೇ ಹಾದುಹೋದರೂ ಗೆರೆ ಬರೀ ತುಸು ಅಲುಗಿತು, ಅಷ್ಟನ್ನು ಯಂತ್ರ ತಾನೇ ತಿದ್ದಿಕೊಂಡಿತು. ನೀಲಮ ಕೇಂದ್ರಕ್ಕೆ ಮರಳಿದಾಗ ಶೀತಲ್ ಕುರ್ಚಿಯಿಂದೆದ್ದು ಕೈಮುಗಿದ. "ಜಾಯಿಂಟ್ ಬಗ್ಗೆ ಅಂದದ್ದು ತಪ್ಪಾತ್ರಿ ಅಕ್ಕಾರ."

ಏಪ್ರಿಲ್‌ನಲ್ಲಿ ಪ್ರಯೋಗಾಲಯದವರು ಅವಳನ್ನು ಕರೆಸಿದರು. ನೀಲಮ ತಾಯಿ ಜನಾಬಾಯಿಯನ್ನೂ ಕರೆದೊಯ್ದಳು. ಎಂಟು ಜನ ವಿಜ್ಞಾನಿಗಳು ಸುತ್ತ ನಿಂತು, ಪೈಪು ಹೇಗೆ ಕಟ್ಟಿದಿರಿ ಎಂದು ಕೇಳಿ ಬರೆದುಕೊಂಡರು. ಜನಾಬಾಯಿ ಪರದೆಯ ನೆಟ್ಟನೆಯ ಗೆರೆಯನ್ನು ಬಹಳ ಹೊತ್ತು ನೋಡಿದಳು.

"ಇದ ಏನ ಬೇ ನೀ ಮಾಡಿದ್ದು?"

"ಹೌದ ಆಯಿ, ಇದ."

"ಚಲೋ ನೆಟ್ಟಗ ಐತಿ" ಎಂದು ಜನಾಬಾಯಿ ಸೆರಗು ಸರಿಮಾಡಿಕೊಂಡು, ಮಗಳ ಪಕ್ಕದ ಕುರ್ಚಿಯಲ್ಲಿ ಆರಾಮಾಗಿ ಕುಳಿತಳು.