ಇಲಿಗಳ ಸಹಪಂಕ್ತಿ ಭೋಜನ

ಸೀಸ ಕುಡಿಸಿದರೆ ಇಲಿಯ ಮೂತ್ರಪಿಂಡಕ್ಕೆ ಏನೂ ಆಗುವುದಿಲ್ಲ ಎಂಬ ಮಹಾಸತ್ಯವನ್ನು ಲೋಕದಲ್ಲಿ ಮೊದಲು ಕಂಡುಕೊಂಡವನು ನಾನೇ. ಆ ಸತ್ಯ ಒಂದು ಮಧ್ಯಾಹ್ನದ ಮಟ್ಟಿಗೆ ಬದುಕಿತ್ತು.

ಹುಣಸೂರಿನ ಹೊರಗೆ ಒಂದು ಸಣ್ಣ ಪ್ರಯೋಗಾಲಯದಲ್ಲಿ ನಾನು ಡಾಕ್ಟರೇಟಿಗಾಗಿ ಬಿಳಿ ಇಲಿಗಳನ್ನು ಸಾಕುತ್ತಿದ್ದೆ. ಎಡಕ್ಕೊಂದು ಸಾಲು ಪಂಜರ, ಎದುರಿಗೆ ಬಲಕ್ಕೊಂದು. ಎಡದವಕ್ಕೆ ಸೀಸದ ಉಪ್ಪು ಕರಗಿಸಿದ ನೀರು, ಬಲದವಕ್ಕೆ ಬರೀ ನೀರು. ಕೊನೆಗೆ ಎರಡೂ ಸಾಲಿನ ಮೂತ್ರಪಿಂಡಗಳನ್ನು ಹೋಲಿಸಬೇಕು. ವ್ಯತ್ಯಾಸ ಕಂಡರೆ ಡಿಗ್ರಿ, ಕಾಣದಿದ್ದರೆ ಇಲ್ಲ.

ನೀರು ಹಾಕುವ ಹೊಣೆ ಕಟ್ಟೆಮಳಲವಾಡಿಯಿಂದ ಬರುತ್ತಿದ್ದ ಅಟೆಂಡರ್ ಅಣ್ಣನದು. ಅವರ ಊರಿನ ಯಾವ ಮದುವೆಯಲ್ಲೂ ಬಡಿಸುವ ಪಡೆಗೆ ಅವರೇ ದಂಡನಾಯಕರು.

"ಎಡಗಡೆ ನೀರಲ್ಲಿ ಅದೇನ್ ಸಾರ್ ಐತೆ?" ಎಂದು ಒಮ್ಮೆ ಕೇಳಿದ್ದರು.

"ಸೀಸದ ಉಪ್ಪು. ಹೆಸರಿಗೆ ಉಪ್ಪು, ರುಚಿ ಮಾತ್ರ ಸಿಹಿಯಂತೆ" ಎಂದು ಪಾಂಡಿತ್ಯ ಮೆರೆದಿದ್ದೆ. ವಿಷ ಎಂಬ ಸಣ್ಣ ವಿವರ ಬಿಟ್ಟುಹೋಗಿತ್ತು.

ಫಲಿತಾಂಶ ಬಂತು. ಎರಡು ಸಾಲಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಡಿಗ್ರಿ ಹೋದರೂ ಕೀರ್ತಿ ಉಳಿಯಲೆಂದು, ಸೀಸ ನಿರಪರಾಧಿ ಎಂದು ನನ್ನ ಮಾರ್ಗದರ್ಶಕಿಯ ಮುಂದೆ ಘೋಷಿಸಿದೆ.

ಮೇಡಂ ಕನ್ನಡಕ ಏರಿಸಿದರು. "ಎರಡೂ ಒಂದೇ ಥರ ಇವೆ, ಸರಿ. ಒಂದೇ ಥರ ಹಾಳಾಗಿವೆಯಲ್ಲಪ್ಪಾ! ಬರೀ ನೀರು ಕುಡಿದವಕ್ಕೆ ಏನು ಬಂತು?"

ನೆಟ್ಟಗೆ ಅಟೆಂಡರ್ ಅಣ್ಣನ ಬಳಿಗೆ ಓಡಿದೆ.

"ಎರಡೂ ಕ್ಯಾನ್ ಒಂದೇ ಬಕೆಟ್ಗೆ ಉಯ್ದು ಎಲ್ಲಾರ್ಗೂ ಸಮ್ವಾಗಿ ಬುಟ್ಟಿದ್ದೀನಿ ಕಣ್ ಸಾರ್. ಆ ಸಾಲ್ಗೆ ಸೀ ನೀರು, ಈ ಸಾಲ್ಗೆ ಸಪ್ಪೆ ನೀರು ಅಂದ್ರೆ ಪಂಕ್ತಿಭೇದ ಆಗಾಕಿಲ್ವಾ? ಎದುರಾಬದುರಾ ಕುಂತವೆ. ಒಟ್ಟೆ ಉರ್ಕೊಳಾಕಿಲ್ವಾ?"

"ಅಣ್ಣಾ, ಅದು ವಿಷ!"

ಅವರು ಸ್ಟೂಲಿನ ಮೇಲೆ ಕುಸಿದರು. "ಮೊದ್ಲೇ ಯೋಳ್ಬಾರ್ದಿತ್ತಾ?" ಆಮೇಲೆ ತಲೆಯೆತ್ತಿ, "ಅಂಗಾದ್ರೆ ಆ ಎಡಗಡೆಯವ್ಕೂ ಯಾಕ್ ಸಾರ್ ಕೊಟ್ರಿ? ಅವೇನ್ ಮಾಡಿದ್ವು ನಿಮ್ಗೆ?"

ಇದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ. ನನ್ನ ಪ್ರಬಂಧದ ಮೊದಲ ಅಧ್ಯಾಯವೇ ಅದು. ಅದನ್ನು ಬಿಟ್ಟು ಹೊಸ ಇಲಿಗಳಿಗೆ ಅರ್ಜಿ ಬರೆಯಲು ಕೂತೆ.

ಹೊಸ ಇಲಿಗಳು ಬಂದವು. ಬಲದ ಸಾಲಿಗೆ ಅಣ್ಣ ನೀರು ಹಾಕಿದರು. ಎಡದ ಸಾಲಿನ ಕಡೆ ತಿರುಗಿಯೂ ನೋಡಲಿಲ್ಲ, ಅದನ್ನು ನಾನೇ ಬಡಿಸಿದೆ. ಈ ಸಲ ಸೀಸ ಶಾಸ್ತ್ರೋಕ್ತವಾಗಿ ನಡೆದುಕೊಂಡಿತು. ಎಡದವುಗಳ ಮೂತ್ರಪಿಂಡಗಳು ಊದಿಕೊಂಡಿದ್ದವು, ಒಳಗಿನ ಸೂಕ್ಷ್ಮ ನಾಳಗಳು ಹಾಳಾಗಿದ್ದವು. ಬಲದವು ತಳತಳ.

"ಕೆಟ್ಟಿವೆ ಅಣ್ಣಾ! ಚೆನ್ನಾಗಿ ಕೆಟ್ಟಿವೆ!" ಎಂದು ಕುಣಿದೆ.

"ಡಿಗ್ರಿ ಬಂತಾ?"

"ಬಂದಂಗೇ."

"ಒಳ್ಳೇದ್ ಬುಡಿ" ಎಂದರು. ಸಂತೋಷಕ್ಕೆ ಕ್ಯಾಂಟೀನಿನಲ್ಲಿ ಕಾಫಿ ಕೊಡಿಸಿದೆ. ನಾನೇ ಕೈಯಾರೆ ತಂದಿಟ್ಟ ಲೋಟವನ್ನು ಅವರು ಒಂದಿಷ್ಟು ಹೊತ್ತು ನೋಡಿದರು. ಆಮೇಲೆ ತುಂಬ ಮರ್ಯಾದೆಯಿಂದ, "ಮೊದ್ಲು ನೀವ್ ಕುಡೀರಿ ಸಾರ್" ಎಂದರು.