ಅಣ್ಣನಿಗೆ ತೆರೆಯದ ಬಾಗಿಲು

ಅಣ್ಣ ಬಾಗಿಲು ಬಡಿದಾಗ ನಾನು ತೆರೆಯಲಿಲ್ಲ. ಮನೆಯೊಳಗೇ ಇದ್ದೆ, ಎಚ್ಚರವಾಗಿಯೇ ಇದ್ದೆ.

ಆಗ ನಾವು ಕುದ್ರೋಳಿಯಲ್ಲಿದ್ದೆವು. ಅಣ್ಣನಿಗೆ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಹಂಚು ಸುಡುವ ಗೂಡಿನೊಳಗೆ ಹೋಗಿ ಸುಟ್ಟ ಹಂಚು ತೆಗೆದುಕೊಡಬೇಕು. ಗೂಡು ಆರಿದ ಮೇಲೆ ಇಳಿಯುವುದು ಪದ್ಧತಿ. ಆದರೆ ಬಂದರಿನಲ್ಲಿ ಹಡಗು ಕಾಯುತ್ತಿದ್ದರೆ ಕಾವು ಇರುವಾಗಲೇ ಇಳಿಸುತ್ತಿದ್ದರು.

ಅಪ್ಪ ಕಳ್ಳು ಕುಡಿದು ಕುಡಿದೇ ಸತ್ತವರು. ಅವರು ಓಣಿಯಲ್ಲಿ ತೂರಾಡಿ ಬರುವಾಗ ಮಕ್ಕಳೆಲ್ಲ ಹಿಂದೆ ಬಿದ್ದು ನಗುತ್ತಿದ್ದದ್ದು ನನಗೆ ಮರೆತಿರಲಿಲ್ಲ. ಅಣ್ಣ ಕಳ್ಳು ಮುಟ್ಟಿದವನೇ ಅಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪಗ್ಗು ತಿಂಗಳ ಬಿರುಬೇಸಿಗೆಯ ಆ ಮಧ್ಯಾಹ್ನ, ಬೇಲಿ ಹಿಡಿದು ತೂರಾಡುತ್ತ ಬಂದ ಅವನನ್ನು ಕಿಟಕಿಯಿಂದ ಕಂಡೊಡನೆ ನಾನು ಚಿಲಕ ಹಾಕಿದೆ.

"ತಂಗೀ, ಬಾಗಿಲು ತೆಗಿ ಮಾರಾಯ್ತಿ. ಅಪ್ಪ ಹಡಗಲ್ಲಿ ಕೂತಿದ್ದಾರೆ... ಕರೀತಿದ್ದಾರೆ..." ನಾಲಿಗೆ ತೊದಲುತ್ತಿತ್ತು.

"ನಿಂಗೂ ಅಪ್ಪನ ಚಾಳಿಯಾ? ಅಮಲು ಇಳಿಯುವವರೆಗೆ ಅಲ್ಲೇ ಬಿದ್ದಿರು!" ಎಂದೆ.

ಆಮೇಲೆ ಸದ್ದಿಲ್ಲ. ಅವನು ಬಿದ್ದದ್ದು ಬಿಸಿಲು ನೇರ ಬೀಳುವ ಜಗಲಿಯಲ್ಲಿ.

ಭತ್ತ ಕುಟ್ಟುವ ಕೆಲಸ ಮುಗಿಸಿ ಬಂದ ಅಮ್ಮ ಕಿರುಚಿದಾಗ ಬಾಗಿಲು ತೆರೆದೆ. "ನಾನು ಬಚ್ಚಲಲ್ಲಿದ್ದೆ, ಗೊತ್ತೇ ಆಗ್ಲಿಲ್ಲ" ಎಂದು ಸುಳ್ಳು ಹೇಳಿದೆ.

ಅಮ್ಮ ಅವನ ಹಣೆ ಮುಟ್ಟಿದರು. "ಮೈ ಕಾದ ಕಾವಲಿಯ ಹಾಗೆ ಉಂಟು! ಒಂದು ಹನಿ ಬೆವರಿಲ್ಲ ಇವನಿಗೆ!"

ನಾನು ಬಗ್ಗಿದೆ. ಬಾಯಲ್ಲಿ ಕಳ್ಳಿನ ವಾಸನೆಯೇ ಇರಲಿಲ್ಲ. ಜ್ವರವೆಂದುಕೊಂಡು ಕಂಬಳಿ ತಂದೆ.

"ಕಂಬಳಿ ಎಂತಕ್ಕೆ, ಬೇಯಿಸ್ಲಿಕ್ಕಾ? ನೀರು ಸೇದು!"

ಇಬ್ಬರೂ ಸೇರಿ ಅವನನ್ನು ಬಾವಿಕಟ್ಟೆಯ ನೆರಳಿಗೆ ಎಳೆದೆವು. ಅಂಗಿ ಬಿಚ್ಚಿ, ಕೊಡಗಟ್ಟಲೆ ನೀರು ಸುರಿದು, ಕುತ್ತಿಗೆಗೂ ಕಂಕುಳಿಗೂ ಒದ್ದೆ ಬಟ್ಟೆ ಇಟ್ಟೆವು. ಅಮ್ಮ ಅಡಕೆ ಹಾಳೆಯ ಬೀಸಣಿಗೆಯಿಂದ ಬೀಸುತ್ತಲೇ ಇದ್ದರು. ನಾನು ಅವನ ಬಾಯಿಗೆ ನೀರು ಬಿಡಹೋದಾಗ ಕೈಗೆ ಹೊಡೆದರು: "ಪ್ರಜ್ಞೆ ಇಲ್ಲದವನಿಗೆ ಕುಡಿಸ್ತಾರಾ? ಉಸಿರು ಕಟ್ಟೀತು!" ಅವನು ಕಣ್ಣು ಬಿಟ್ಟು "ಅಮ್ಮ" ಎಂದ ಮೇಲೆಯೇ ಉಪ್ಪು ಹಾಕಿದ ಗಂಜಿತಿಳಿಯನ್ನು ಗುಟುಕು ಗುಟುಕಾಗಿ ಕೊಟ್ಟರು.

ಅವತ್ತು ಅವನನ್ನು ಕಾವು ಆರದ ಗೂಡಿಗೆ ಇಳಿಸಿದ್ದರೆಂದು ಆಮೇಲೆ ಗೊತ್ತಾಯಿತು. ಅಣ್ಣ ಬದುಕಿದ. ಆದರೆ ಆಮೇಲೆ ಅವನಿಗೆ ಬಿಸಿಲು ತಡೆಯುತ್ತಿರಲಿಲ್ಲ. ಗೂಡಿನ ಕೆಲಸ ಬಿಡಿಸಿ ಹಂಚು ಒಣಗಿಸುವ ಚಪ್ಪರಕ್ಕೆ ಹಾಕಿದರು. ಬೇಸಿಗೆಯಲ್ಲಿ ಗಂಜಿತಿಳಿಯ ತಂಬಿಗೆ ಇಲ್ಲದೆ ಅಮ್ಮ ಅವನನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ಆ ಮಧ್ಯಾಹ್ನದ ಒಂದು ಮಾತೂ ಅವನಿಗೆ ನೆನಪಿರಲಿಲ್ಲ. ನೀರು ಸೇದಿ ಉಳಿಸಿದವಳು ತಂಗಿ ಎಂದು ಕಂಡವರಿಗೆಲ್ಲ ಹೇಳುತ್ತಿದ್ದ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಹೇಳಿದ. ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಅದನ್ನು ವಿನಯವೆಂದುಕೊಂಡರು.

ಅಮ್ಮ ತೀರಿಹೋದ ಮೇಲಿನ ಒಂದು ಬೇಸಿಗೆಯಲ್ಲಿ ಅಣ್ಣ ನನ್ನ ಮನೆಗೆ ಬಂದಿದ್ದ. ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಅದೇ ಕಥೆ ತೆಗೆದ. "ನಿನ್ನ ಅಮ್ಮ ಇಲ್ಲದಿದ್ರೆ ಈ ಮಾವ ಎಲ್ಲಿರ್ತಿದ್ದ ಗೊತ್ತುಂಟಾ? ಸುಟ್ಟ ಹಂಚಾಗಿ ಯಾರದ್ದೋ ಮಾಡಿನ ಮೇಲೆ!"

ಮಗು ಬಿದ್ದು ಬಿದ್ದು ನಕ್ಕಿತು. ಅದರ ನಗು ನನ್ನಿಂದ ಕೇಳಲಾಗಲಿಲ್ಲ.

"ಅಣ್ಣಾ, ನಾನು ಅವತ್ತು ಬಚ್ಚಲಲ್ಲಿರ್ಲಿಲ್ಲ. ನೀನು ಕರೆದದ್ದು ಕೇಳಿತ್ತು. ಕುಡಿದು ಬಂದಿದ್ದೀ ಅಂತ ನಾನೇ ಚಿಲಕ ಹಾಕಿದ್ದು, ಅಲ್ಲೇ ಬಿದ್ದಿರು ಅಂತ ಹೇಳಿದ್ದೂ ನಾನೇ. ತಪ್ಪಾಯ್ತು ಅಣ್ಣಾ. ನನ್ನನ್ನು ಕ್ಷಮಿಸು."